ಬಳಕೆದಾರ ಹೆಸರು: ಅಂತರ್ಜಾಲದ ಗ್ರಾಹಕ ಖಾತೆಗಳಲ್ಲಿ ಒಬ್ಬರಿಗೊಂದೇ ಹೆಸರು ಮೂಡುವ ಬಗೆ

ರೈಲಿನ ಮುಂಗಡ ಟಿಕೇಟು, ಬ್ಯಾಂಕಿನ ವ್ಯವಹಾರ, ವಿದ್ಯುತ್ ಬಿಲ್ಲು, ವಿಮೆಯ ಕಂತು, ಪಿಂಚಣಿಯ ವಿವರ ಇವೆಲ್ಲವೂ ಅಂತರ್ಜಾಲಕ್ಕೆ ಸರಿದಿರುವ ಈ ಕಾಲದಲ್ಲಿ ನಮ್ಮ ಮನೆಯ ಹಿರಿಯ ಕಿರಿಯರೆಲ್ಲರೂ ಹತ್ತಾರು ಜಾಲತಾಣಗಳ ಗ್ರಾಹಕರಾಗಿದ್ದಾರೆ. ಪ್ರತಿಯೊಂದು ಜಾಲತಾಣವೂ ಖಾತೆ ತೆರೆಯುವಾಗ ಮೊದಲಿಗೆ ಕೇಳುವುದು ಒಂದು ಬಳಕೆದಾರ ಹೆಸರನ್ನು. ವಾಡಿಕೆಯಲ್ಲಿ ಯೂಸರ್‌ನೇಮ್ ಅಥವಾ ಯೂಸರ್ ಐಡಿ ಎಂದು ಕರೆಯಲಾಗುವ ಈ ಹೆಸರು ಆ ಜಾಲತಾಣದ ಮಟ್ಟಿಗೆ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದು. ಎರಡನೆಯವರು ಅದನ್ನೇ ಬಯಸಿದರೆ "ಈ ಹೆಸರು ಲಭ್ಯವಿಲ್ಲ" ಎಂಬ ಉತ್ತರ ಬರುತ್ತದೆ. ಜೊತೆಗೆ ಒಂದೆರಡು ಪರ್ಯಾಯ ಹೆಸರುಗಳೂ ತೆರೆಯ ಮೇಲೆ ಮೂಡುತ್ತವೆ.

ಆ ಪರ್ಯಾಯ ಹೆಸರುಗಳು ಎಲ್ಲಿಂದ ಬರುತ್ತವೆ, ಒಬ್ಬರಿಗೊಂದೇ ಹೆಸರೆಂಬ ನಿಯಮವನ್ನು ಗಣಕಯಂತ್ರ ಹೇಗೆ ಕಾಪಾಡುತ್ತದೆ, ಅದು ತಪ್ಪಿದಲ್ಲಿ ಆಗುವ ಹಾನಿಯೇನು, ಕನ್ನಡಿಗರ ಹೆಸರುಗಳಿಗೆ ಇಲ್ಲಿ ಎದುರಾಗುವ ವಿಶೇಷ ತೊಡಕುಗಳು ಯಾವುವು ಎಂಬ ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಗಣಕಯಂತ್ರವು ಒಂದು ಕೋಣೆಯಷ್ಟು ದೊಡ್ಡದಾಗಿದ್ದು ಒಮ್ಮೆಗೆ ಒಬ್ಬರೇ ಬಳಸುತ್ತಿದ್ದ ದಿನಗಳಲ್ಲಿ ಬಳಕೆದಾರ ಹೆಸರಿನ ಅಗತ್ಯವೇ ಇರಲಿಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಳ್ಳುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಆಗ ಯಾರ ಕಡತ ಯಾರದೆಂದು ಬೇರ್ಪಡಿಸಬೇಕಾಯಿತು. ಗುಪ್ತಪದದ ಬಳಕೆ ಆರಂಭವಾದದ್ದೂ ಆ ವ್ಯವಸ್ಥೆಯಲ್ಲಿಯೇ. ಮುಂದೆ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯಲ್ಲಿ ಬಳಕೆದಾರ ಹೆಸರು ಬಹುಕಾಲ ಎಂಟು ಅಕ್ಷರಗಳ ಮಿತಿಯಲ್ಲಿತ್ತು. ಹಳೆಯ ಕಚೇರಿಗಳ ಯೂಸರ್ ಐಡಿಗಳು ತುಂಡರಿಸಿದ ಹೆಸರುಗಳಂತೆ ಕಾಣುವುದಕ್ಕೆ ಈ ಮಿತಿಯೂ ಒಂದು ಕಾರಣ.

1971ರಲ್ಲಿ ರೇ ಟಾಮ್ಲಿನ್‌ಸನ್ ಅವರು ಒಂದು ಗಣಕದಿಂದ ಇನ್ನೊಂದಕ್ಕೆ ಅಂಚೆ ಕಳುಹಿಸುವಾಗ ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು 'ಅಟ್' ಚಿಹ್ನೆಯನ್ನು ಆಯ್ದುಕೊಂಡರು. ಹೆಸರು ಒಂದು ಯಂತ್ರದೊಳಗೆ ಮಾತ್ರ ಅನನ್ಯವಾಗಿದ್ದರೆ ಸಾಕು ಎಂಬ ಅನುಕೂಲ ಇದರಿಂದ ದೊರೆಯಿತು. ಒಂದೂರಿನ ರಾಮರಾಯರೂ ಇನ್ನೊಂದೂರಿನ ರಾಮರಾಯರೂ ಗೊಂದಲವಿಲ್ಲದೆ ಪತ್ರ ಪಡೆಯುವಂತೆಯೇ ಇದು.

ಉಚಿತ ಇ-ಮೇಲ್ ಸೇವೆಗಳು ಬಂದಾಗ ಈ ಅನುಕೂಲ ಕರಗಿತು. ಬಾಲ್ಯದಲ್ಲಿ ಕೆಲಕಾಲ ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡನೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಕೋಟ್ಯಂತರ ಜನ ಒಂದೇ ಊರಿನ ನಿವಾಸಿಗಳಾದಂತೆ ಒಂದೇ ಜಾಲತಾಣದಲ್ಲಿ ನೆರೆದಾಗ ಸುಲಭವಾದ ಹೆಸರುಗಳೆಲ್ಲ ಬೇಗನೆ ಮುಗಿದುಹೋದವು. ಹೆಸರಿನ ಬಾಲಕ್ಕೆ ಅಂಕಿ ಅಂಟಿಸುವ ಪದ್ಧತಿ ಜನಸಾಮಾನ್ಯರ ಅನುಭವಕ್ಕೆ ಬಂದದ್ದು ಆಗಲೇ.

ಹೆಸರು ರೂಪುಗೊಳ್ಳುವ ಕ್ರಮ

ಗ್ರಾಹಕನು ನೋಂದಣಿ ನಮೂನೆಯಲ್ಲಿ ತನ್ನ ಹೆಸರು ತುಂಬಿದೊಡನೆ ತಂತ್ರಾಂಶವು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಕೆಲಸ ಮಾಡುತ್ತದೆ.

ಮೊದಲನೆಯದು ಶುದ್ಧೀಕರಣ. ದೊಡ್ಡಕ್ಷರಗಳನ್ನು ಸಣ್ಣಕ್ಷರಗಳಿಗೆ ತರುವುದು, ಹಿಂದು ಮುಂದಿನ ಖಾಲಿ ಜಾಗಗಳನ್ನು ತೆಗೆಯುವುದು, ಅನುಮತಿಯಿಲ್ಲದ ಚಿಹ್ನೆಗಳನ್ನು ಕಳೆಯುವುದು ಈ ಹಂತದ ಕೆಲಸ. ಕೆಲವು ಸೇವೆಗಳು ಇನ್ನೂ ಮುಂದೆ ಹೋಗುತ್ತವೆ. 2004ರ ಏಪ್ರಿಲ್ 1ರಂದು ಆರಂಭವಾದ ಜಿಮೇಲ್‌ನಲ್ಲಿ ಹೆಸರಿನ ನಡುವಣ ಚುಕ್ಕೆಗಳು ಲೆಕ್ಕಕ್ಕಿಲ್ಲ. ಸುರೇಶ ಮತ್ತು ಶೆಟ್ಟಿ ಎಂಬ ಪದಗಳ ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಅಲ್ಲಿ ಅದು ಒಂದೇ ವಿಳಾಸ.

ಎರಡನೆಯದು ಸಂಭಾವ್ಯ ಹೆಸರುಗಳ ರಚನೆ. ಹೆಸರು ಮತ್ತು ಕುಲನಾಮವನ್ನು ಜೋಡಿಸುವುದು, ಹೆಸರಿನ ಮೊದಲಕ್ಷರದ ಮುಂದೆ ಕುಲನಾಮ ಇಡುವುದು, ಕ್ರಮವನ್ನು ತಿರುಗಿಸುವುದು, ಚುಕ್ಕೆ ಅಥವಾ ಅಡಿಗೆರೆ ಸೇರಿಸುವುದು, ಕೊನೆಗೆ ಅಂಕಿ ಹಚ್ಚುವುದು ಇವು ರೂಢಿಯ ದಾರಿಗಳು.

ಮೂರನೆಯದು ಕಾಯ್ದಿರಿಸಿದ ಹೆಸರುಗಳ ಪರಿಶೀಲನೆ. ಅಡ್ಮಿನ್, ರೂಟ್, ಸಪೋರ್ಟ್ ಮುಂತಾದ ಹೆಸರುಗಳನ್ನು ಸಾಮಾನ್ಯ ಗ್ರಾಹಕರಿಗೆ ಕೊಡಲಾಗದು. 1997ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2142 ಎಂಬ ಅಂತರ್ಜಾಲ ಮಾನದಂಡವು ಪೋಸ್ಟ್‌ಮಾಸ್ಟರ್, ಹೋಸ್ಟ್‌ಮಾಸ್ಟರ್, ವೆಬ್‌ಮಾಸ್ಟರ್, ಅಬ್ಯೂಸ್ ಮೊದಲಾದ ಹೆಸರುಗಳನ್ನು ಆಡಳಿತದ ಕೆಲಸಕ್ಕೆಂದು ಗುರುತಿಸಿದೆ. ಇದನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಫಿನ್‌ಲೆಂಡಿನ ಉದಾಹರಣೆಯಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಅಲ್ಲಿನ ಇ-ಮೇಲ್ ಸೇವೆಯಲ್ಲಿ ಸಾಮಾನ್ಯ ಬಳಕೆದಾರನೊಬ್ಬನಿಗೆ ಹೋಸ್ಟ್‌ಮಾಸ್ಟರ್ ಎಂಬ ಹೆಸರು ಸಿಕ್ಕಿತು. ಆ ವಿಳಾಸದ ಬಲದಿಂದಲೇ ಆತ ಇಡೀ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಪಡೆಯಲು ಸಾಧ್ಯವಾಯಿತು. ಆತನೇ ವಿಷಯವನ್ನು ಸಂಸ್ಥೆಗೆ ತಿಳಿಸಿದ. 2015ರ ಮಾರ್ಚ್‌ನಲ್ಲಿ ಆ ಪ್ರಮಾಣಪತ್ರವನ್ನು ಅಮಾನ್ಯಗೊಳಿಸಲಾಯಿತು.

ನಾಲ್ಕನೆಯದು ದತ್ತಸಂಚಯದಲ್ಲಿ ಹುಡುಕಾಟ. ಅಂದರೆ ಈಗಾಗಲೇ ನೋಂದಾಯಿತವಾದ ಹೆಸರುಗಳ ಪಟ್ಟಿಯಲ್ಲಿ ಹೊಸ ಹೆಸರು ಇದೆಯೇ ಇಲ್ಲವೇ ಎಂಬುದರ ತಪಾಸಣೆ.

ಒಂದೇ ಕ್ಷಣದಲ್ಲಿ ಇಬ್ಬರು ಬಂದಾಗ

ಪಟ್ಟಿಯನ್ನು ನೋಡಿ, ಹೆಸರಿಲ್ಲವೆಂದು ಖಚಿತಪಡಿಸಿಕೊಂಡು, ಬಳಿಕ ಬರೆದುಕೊಳ್ಳುವುದು ಸರಳವಾಗಿ ತೋರುತ್ತದೆ. ಆದರೆ ಈ ಎರಡು ಕ್ರಿಯೆಗಳ ನಡುವೆ ಸಣ್ಣದೊಂದು ಬಿರುಕಿದೆ. ಮದುವೆಯ ಛತ್ರದ ಒಂದೇ ಪುಸ್ತಕವನ್ನು ಇಬ್ಬರು ಗುಮಾಸ್ತರು ನೋಡುತ್ತಿದ್ದಾರೆಂದು ಭಾವಿಸೋಣ. ಇಬ್ಬರೂ ಒಂದೇ ದಿನಾಂಕ ಖಾಲಿಯಿರುವುದನ್ನು ಕಂಡು, ತಮ್ಮ ತಮ್ಮ ಗಿರಾಕಿಗಳಿಗೆ ಒಪ್ಪಿಗೆ ಕೊಟ್ಟು, ಅನಂತರ ಪುಸ್ತಕದಲ್ಲಿ ಬರೆಯಲು ಹೋದರೆ ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣಗಳು ಬಂದು ನಿಲ್ಲುತ್ತವೆ. ಏಕಕಾಲಕ್ಕೆ ಸಾವಿರಾರು ಜನರು ನೋಂದಾಯಿಸುವ ಜಾಲತಾಣದಲ್ಲಿ ಇಂತಹ ಪ್ರಸಂಗ ಅಪರೂಪವೇನಲ್ಲ.

ಇದಕ್ಕೆ ಪರಿಹಾರ ದತ್ತಸಂಚಯದಲ್ಲಿಯೇ ಇದೆ. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು ಮಂಡಿಸಿದ ಸಂಬಂಧಾತ್ಮಕ ದತ್ತಸಂಚಯದ ಸಿದ್ಧಾಂತವನ್ನು ಅನುಸರಿಸುವ ಇಂದಿನ ವ್ಯವಸ್ಥೆಗಳಲ್ಲಿ ಒಂದು ಅಂಕಣದ ಮೌಲ್ಯ ಎರಡು ಬಾರಿ ಬರಕೂಡದೆಂದು ನಿಯಮ ವಿಧಿಸಬಹುದು. ಆಗ ತಪಾಸಣೆಯೂ ಬರವಣಿಗೆಯೂ ಬೇರ್ಪಡಿಸಲಾಗದ ಒಂದೇ ಕ್ರಿಯೆಯಾಗುತ್ತದೆ. ಮೊದಲು ತಲುಪಿದ ಕೋರಿಕೆ ಸ್ವೀಕೃತವಾಗುತ್ತದೆ, ಎರಡನೆಯದು ತಿರಸ್ಕೃತವಾಗುತ್ತದೆ. ತಿರಸ್ಕೃತರಿಗೆ ತಂತ್ರಾಂಶವು ಮುಂದಿನ ಸಂಭಾವ್ಯ ಹೆಸರನ್ನು ಪ್ರಯತ್ನಿಸಬೇಕು. ನಮೂನೆ ತುಂಬುವಾಗ ಹೆಸರಿನ ಪಕ್ಕ ಕಾಣುವ ಹಸಿರು ಗುರುತು ಒಂದು ಅಂದಾಜು ಮಾತ್ರ. ಕೊನೆಯ ಗುಂಡಿ ಒತ್ತಿ ದೃಢೀಕರಣ ಬರುವವರೆಗೂ ಆ ಹೆಸರು ನಮ್ಮದಾಗಿರುವುದಿಲ್ಲ.

ಬಾಲದ ಅಂಕಿಯ ಲೆಕ್ಕ

ಇಂಗ್ಲಿಷಿನ 26 ಅಕ್ಷರಗಳಿಂದ ಎಂಟಕ್ಷರದ ಸುಮಾರು 20,882 ಕೋಟಿ ಜೋಡಣೆಗಳನ್ನು ರಚಿಸಬಹುದು. ಲೆಕ್ಕದಲ್ಲಿ ಇದು ಭೂಮಿಯ ಜನಸಂಖ್ಯೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಆದರೂ ಹೆಸರುಗಳು ಸಾಲದಾಗುವುದೇಕೆಂದರೆ, ಮನುಷ್ಯರು ಅರ್ಥವಿಲ್ಲದ ಜೋಡಣೆಗಳನ್ನು ಬಯಸುವುದಿಲ್ಲ. ಎಲ್ಲರೂ ಬಯಸುವುದು ತಂದೆತಾಯಿ ಇಟ್ಟ ಹೆಸರನ್ನೇ. ಆ ಹೆಸರುಗಳಾದರೋ ದೇವರ, ಅಜ್ಜ ಅಜ್ಜಿಯರ, ಮೆಚ್ಚಿದ ನಟರ ಹೆಸರುಗಳಾಗಿ ಮತ್ತೆ ಮತ್ತೆ ಬರುತ್ತವೆ.

ಆದ್ದರಿಂದ ಅಂಕಿ ಅನಿವಾರ್ಯ. ಸುರೇಶ 1, ಸುರೇಶ 2 ಎಂದು ಸಾಲಾಗಿ ಕೊಡುವುದು ಸುಲಭವಾದರೂ ಅದರಲ್ಲಿ ಎರಡು ದೋಷಗಳಿವೆ. ಒಬ್ಬರ ಹೆಸರು ತಿಳಿದರೆ ಹಿಂದಿನ ಮುಂದಿನವರ ಹೆಸರನ್ನು ಊಹಿಸಬಹುದು; ಜೊತೆಗೆ ಸಂಸ್ಥೆಗೆ ಎಷ್ಟು ಗ್ರಾಹಕರಿದ್ದಾರೆಂಬ ಗುಟ್ಟು ಬಯಲಾಗಬಹುದು. ಹಾಗಾಗಿ ಹಲವು ಕಡೆ ಅಡ್ಡಾದಿಡ್ಡಿ ಅಂಕಿಯನ್ನು ಆರಿಸಲಾಗುತ್ತದೆ.

ಇಲ್ಲಿ ಗಣಿತದ ಒಂದು ಸ್ವಾರಸ್ಯವಿದೆ. 23 ಜನರಿರುವ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ಇದೇ ಲೆಕ್ಕದಂತೆ ನಾಲ್ಕಂಕಿಯ 10,000 ಸಂಖ್ಯೆಗಳಿಂದ ಕಣ್ಣುಮುಚ್ಚಿ ಆರಿಸಿದರೆ, ಒಂದೇ ಹೆಸರಿನ ಸುಮಾರು 120 ಜನ ಬರುವಷ್ಟರಲ್ಲಿಯೇ ಇಬ್ಬರಿಗೆ ಒಂದೇ ಸಂಖ್ಯೆ ಸಿಗುವ ಸಂಭವ ಸಮಸಮವಾಗುತ್ತದೆ. ಸಂಖ್ಯೆಗಳು ಧಾರಾಳವಾಗಿವೆಯೆಂದು ತಪಾಸಣೆಯನ್ನು ಬಿಡಬಾರದೆಂಬುದಕ್ಕೆ ಇದೇ ಕಾರಣ. ಡಿಸ್ಕಾರ್ಡ್ ಎಂಬ ಸಂವಾದ ಸೇವೆಯಲ್ಲಿ ಮೊದಲು ಪ್ರತಿ ಹೆಸರಿಗೂ ನಾಲ್ಕಂಕಿಯ ಬಾಲವಿತ್ತು. ಬಾಲವನ್ನು ನೆನಪಿಡಲಾಗದೆ ಜನರು ಒಬ್ಬರನ್ನೊಬ್ಬರು ಹುಡುಕಲು ಪರದಾಡುತ್ತಾರೆಂಬ ಕಾರಣ ಕೊಟ್ಟು ಸಂಸ್ಥೆ 2023ರಲ್ಲಿ ಅದನ್ನು ಕೈಬಿಟ್ಟು, ಪ್ರತಿಯೊಬ್ಬರೂ ಹೊಸದಾಗಿ ಅನನ್ಯ ಹೆಸರು ಆರಿಸಿಕೊಳ್ಳುವ ಕ್ರಮಕ್ಕೆ ಬಂತು.

ಒಳಗಿನ ಸಂಖ್ಯೆ, ಹೊರಗಿನ ಹೆಸರು

ಸುವ್ಯವಸ್ಥಿತವಾದ ಯಾವುದೇ ಜಾಲತಾಣದಲ್ಲಿ ಗ್ರಾಹಕನಿಗೆ ಎರಡು ಗುರುತುಗಳಿರುತ್ತವೆ. ಒಂದು, ವ್ಯವಸ್ಥೆಯ ಒಳಗೆ ಮಾತ್ರ ಬಳಕೆಯಾಗುವ, ಎಂದಿಗೂ ಬದಲಾಗದ ಸಂಖ್ಯೆ. ಇನ್ನೊಂದು, ಗ್ರಾಹಕ ತಾನೇ ಆರಿಸಿಕೊಂಡ ಹೆಸರು. ಮದುವೆಯ ಬಳಿಕ ಹೆಸರು ಬದಲಾದರೂ, ಮೊಬೈಲ್ ಸಂಖ್ಯೆ ಬೇರೆಯಾದರೂ ಹಳೆಯ ವ್ಯವಹಾರಗಳ ಕೊಂಡಿ ಕಳಚದಿರುವುದು ಒಳಗಿನ ಸಂಖ್ಯೆಯಿಂದ. ಬ್ಯಾಂಕುಗಳ ಗ್ರಾಹಕ ಸಂಖ್ಯೆ ಇದಕ್ಕೆ ಪರಿಚಿತ ಉದಾಹರಣೆ.

ನಮ್ಮ ದೇಶದ ಎರಡು ಗುರುತುಸಂಖ್ಯೆಗಳನ್ನು ಹೋಲಿಸಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತು ಅಕ್ಷರಾಂಕಗಳ ಪ್ಯಾನ್ ಸಂಖ್ಯೆಯಲ್ಲಿ ನಾಲ್ಕನೆಯ ಅಕ್ಷರವು ವ್ಯಕ್ತಿಯೋ ಕಂಪನಿಯೋ ಎಂಬುದನ್ನು ಸೂಚಿಸುತ್ತದೆ. ವ್ಯಕ್ತಿಯಾದರೆ ಐದನೆಯದು ಕುಲನಾಮದ ಮೊದಲಕ್ಷರ. ಬೆಂಗಳೂರಿನ ನಂದನ್ ನಿಲೇಕಣಿ ಅವರು ಅಧ್ಯಕ್ಷರಾಗಿದ್ದ ಪ್ರಾಧಿಕಾರವು ರೂಪಿಸಿ, 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಮೊದಲಿಗೆ ವಿತರಿಸಿದ 12 ಅಂಕಿಗಳ ಆಧಾರ್ ಸಂಖ್ಯೆಯಲ್ಲಾದರೋ ಊರು, ವಯಸ್ಸು, ಲಿಂಗ ಯಾವುದರ ಸುಳಿವೂ ಇಲ್ಲ. ಅದರ ಕೊನೆಯ ಅಂಕಿ ಮಾತ್ರ ಬರೆಯುವಾಗಿನ ತಪ್ಪನ್ನು ಹಿಡಿಯುವ ತಾಳೆಯ ಅಂಕಿ. ಡಚ್ ಗಣಿತಜ್ಞ ವೆರ್‌ಹೂಫ್ ಅವರ ವಿಧಾನದಂತೆ ಅದನ್ನು ಲೆಕ್ಕಹಾಕಲಾಗುತ್ತದೆ. ಒಳಗಿನ ಸಂಖ್ಯೆ ಏನನ್ನೂ ಹೇಳದಿದ್ದಷ್ಟೂ ಲೇಸು. ಏನನ್ನಾದರೂ ಹೇಳುವ ಸಂಖ್ಯೆಗೆ ಆ ಸಂಗತಿ ಬದಲಾದಾಗ ತೊಡಕು ತಪ್ಪಿದ್ದಲ್ಲ.

ನಮ್ಮ ಹೆಸರುಗಳು, ರೋಮನ್ ಅಕ್ಷರಗಳು

ಹೊರನಾಡ ಕನ್ನಡಿಗರಿಗೆ ಇಲ್ಲಿ ತಮ್ಮದೇ ಆದ ಕಷ್ಟಗಳಿವೆ. ಮೊದಲನೆಯದು ಕಾಗುಣಿತ. ಲಕ್ಷ್ಮೀ ಎಂಬ ಹೆಸರನ್ನು ಮುಂಬಯಿ ಪುಣೆಗಳಲ್ಲಿ 'ಎಕ್ಸ್' ಅಕ್ಷರ ಬಳಸಿ ಬರೆಯುವವರು ಹೆಚ್ಚು; ಕರ್ನಾಟಕ ಮತ್ತು ಚೆನ್ನೈಗಳಲ್ಲಿ 'ಕೆ, ಎಸ್, ಎಚ್' ಬಳಸುವವರು ಹೆಚ್ಚು. ಗೀತಾ, ಲತಾ, ಸವಿತಾ ಎಂಬ ಹೆಸರುಗಳ ತಕಾರಕ್ಕೆ ದಕ್ಷಿಣದಲ್ಲಿ 'ಟಿ, ಎಚ್' ಎರಡನ್ನೂ ಬರೆದರೆ ಉತ್ತರದಲ್ಲಿ 'ಟಿ' ಒಂದೇ ಸಾಕು. ಬೆಂಗಳೂರಿನ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಬಗೆ, ಮುಂಬಯಿಯ ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ ಇರುವ ಗೃಹಿಣಿಯರು ನಮ್ಮಲ್ಲಿ ಬಹಳ. ಬಳಕೆದಾರ ಹೆಸರನ್ನು ಯಾವ ಕಾಗುಣಿತದಲ್ಲಿ ಕೊಟ್ಟೆವೆಂಬುದು ಮರೆತರೆ ಖಾತೆಯ ಬಾಗಿಲೇ ತೆರೆಯದು. ಗಣಕಕ್ಕೆ ಎರಡು ಕಾಗುಣಿತಗಳೆಂದರೆ ಎರಡು ಬೇರೆ ವ್ಯಕ್ತಿಗಳು.

ಎರಡನೆಯದು ಕುಲನಾಮದ ಅಂಕಣ. ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಟ್ಟುಕೊಳ್ಳುವ ಹಳೆ ಮೈಸೂರಿನ ಪದ್ಧತಿಯಲ್ಲಿ ಕುಲನಾಮವೆಂಬುದೇ ಇಲ್ಲದಿರಬಹುದು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮಹಾರಾಷ್ಟ್ರದ ಕ್ರಮಕ್ಕೆ ಅದನ್ನು ಹೊಂದಿಸುವಾಗ ಒಬ್ಬರು ಊರಿನ ಹೆಸರನ್ನೂ ಮತ್ತೊಬ್ಬರು ತಂದೆಯ ಹೆಸರನ್ನೂ ತುಂಬುತ್ತಾರೆ. ಒಡಹುಟ್ಟಿದವರ ಕುಲನಾಮಗಳೇ ಬೇರೆಬೇರೆಯಾಗುತ್ತವೆ. ಕರಾವಳಿಯವರ ಕಷ್ಟ ಇದಕ್ಕೆ ವಿರುದ್ಧ. ಶೆಟ್ಟಿ, ರಾವ್, ಪೂಜಾರಿ, ಭಟ್, ಪೈ ಮುಂತಾದ ಕೆಲವೇ ಕುಲನಾಮಗಳಲ್ಲಿ ಬಹುಜನರು ಸೇರಿಕೊಳ್ಳುವುದರಿಂದ ಹೆಸರು ಕುಲನಾಮಗಳ ಜೋಡಣೆ ಬೇಗನೆ ಮುಗಿದುಹೋಗುತ್ತದೆ.

ಕನ್ನಡ ಲಿಪಿಯಲ್ಲಿಯೇ ಬಳಕೆದಾರ ಹೆಸರು

ಹೆಸರನ್ನು ಕನ್ನಡದಲ್ಲಿಯೇ ಬರೆದರೆ ಕಾಗುಣಿತದ ಕಷ್ಟ ತಪ್ಪೀತಲ್ಲವೇ? ತಪ್ಪುತ್ತದೆ; ಆದರೆ ಬೇರೆ ಎಚ್ಚರಿಕೆಗಳು ಬೇಕಾಗುತ್ತವೆ. ಯುನಿಕೋಡ್ ಸಂಕೇತವ್ಯವಸ್ಥೆಯಲ್ಲಿ 'ಕೊ' ಎಂಬ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ. ಆದ್ದರಿಂದ ಹೋಲಿಸುವ ಮೊದಲು ಎರಡನ್ನೂ ಒಂದು ನಿಯತ ರೂಪಕ್ಕೆ ತರಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಬೇಕಾದಂತೆ ಮೂಡಿಸಲು ಬಳಸುವ, ಕಣ್ಣಿಗೆ ಕಾಣದ ಸಂಕೇತಗಳೂ ಉಂಟು. ಅವು ಹೆಸರಿನೊಳಗೆ ಅಡಗಿದ್ದರೆ ಒಂದೇ ರೀತಿ ಕಾಣುವ ಎರಡು ಖಾತೆಗಳು ಹುಟ್ಟಬಹುದು. ಕನ್ನಡದ ಸೊನ್ನೆ ಅಂಕಿಗೂ ಅನುಸ್ವಾರಕ್ಕೂ ಇರುವ ಹೋಲಿಕೆ, ಕನ್ನಡ ತೆಲುಗು ಲಿಪಿಗಳ ರಕಾರ ಗಕಾರಗಳ ಹೋಲಿಕೆ ಮೋಸಗಾರರಿಗೆ ಅವಕಾಶ ಕೊಡುತ್ತವೆ. ಒಂದೇ ಹೆಸರಿನಲ್ಲಿ ಎರಡು ಲಿಪಿಗಳನ್ನು ಬೆರೆಸಲು ಬಿಡದಿರುವುದು ಇದಕ್ಕೆ ಸಾಮಾನ್ಯ ಉಪಾಯ.

ನಿಯತ ರೂಪಕ್ಕೆ ತರುವ ಕ್ರಿಯೆಯಲ್ಲಿ ಲೋಪವಾದರೆ ಆಗುವ ಅನರ್ಥವನ್ನು ಸಂಗೀತ ಸೇವೆಯಾದ ಸ್ಪಾಟಿಫೈ 2013ರಲ್ಲಿ ಕಂಡಿತು. ಹೊರನೋಟಕ್ಕೆ ಅಕ್ಷರಗಳನ್ನು ಹೋಲುವ ವಿಶೇಷ ಚಿಹ್ನೆಗಳಿಂದ ಹೆಸರು ನೋಂದಾಯಿಸಿದವರಿಗೆ ಆ ಹೆಸರಿನ ಮೂಲ ಮಾಲೀಕರ ಗುಪ್ತಪದವನ್ನೇ ಬದಲಿಸಲು ಸಾಧ್ಯವಾಗುತ್ತಿತ್ತು. ನೋಂದಣಿಯ ವೇಳೆ ಒಂದು ಫಲಿತಾಂಶ, ಗುಪ್ತಪದ ಬದಲಿಸುವ ವೇಳೆ ಇನ್ನೊಂದು ಫಲಿತಾಂಶ ಬಂದದ್ದೇ ಇದಕ್ಕೆ ಕಾರಣ. ಬಳಕೆದಾರ ಹೆಸರುಗಳನ್ನು ಹೇಗೆ ಸಿದ್ಧಪಡಿಸಿ ಹೋಲಿಸಬೇಕೆಂಬುದಕ್ಕೆ 2017ರಲ್ಲಿ ಆರ್‌ಎಫ್‌ಸಿ 8265 ಎಂಬ ಮಾನದಂಡ ಬಂದಿದೆ. ಇ-ಮೇಲ್ ವಿಳಾಸದಲ್ಲಿ ಎಲ್ಲ ಲಿಪಿಗಳಿಗೂ ಅವಕಾಶ ಕೊಡುವ ಮಾನದಂಡ 2012ರಷ್ಟು ಹಳೆಯದು.

ಬಿಟ್ಟುಹೋದ ಹೆಸರು ಮತ್ತೊಬ್ಬರ ಪಾಲಾದರೆ

ಅನನ್ಯತೆಯು ಒಂದು ಕ್ಷಣದ ಮಾತಾಗಿರದೆ ಕಾಲದುದ್ದಕ್ಕೂ ಉಳಿಯಬೇಕು. ಯಾಹೂ ಸಂಸ್ಥೆ 2013ರಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಾಗದ ಹೆಸರುಗಳನ್ನು ಹೊಸಬರಿಗೆ ಹಂಚಿತು. ಹಳೆಯ ಮಾಲೀಕರಿಗೆ ಸಲ್ಲಬೇಕಾದ ಖಾಸಗಿ ಪತ್ರಗಳು ತಮಗೆ ಬರುತ್ತಿವೆಯೆಂದು ಕೆಲವು ಹೊಸಬರು ತಿಳಿಸಿದರು. ಬೇರೆ ಜಾಲತಾಣಗಳ ಗುಪ್ತಪದವನ್ನು ಬದಲಿಸುವ ಪತ್ರವೂ ಅದೇ ವಿಳಾಸಕ್ಕೆ ಬರುವುದರಿಂದ ಒಂದು ಹೆಸರಿನ ಜೊತೆಗೆ ಹಲವು ಬೀಗದ ಕೈಗಳು ಹಸ್ತಾಂತರವಾದಂತೆ.

ಮೊಬೈಲ್ ಸಂಖ್ಯೆಗೂ ಈ ಮಾತು ಸಲ್ಲುತ್ತದೆ. ನಿಲುಗಡೆಯಾದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಬಳಿಕ ಇನ್ನೊಬ್ಬರಿಗೆ ಕೊಡಲು ಅವಕಾಶವಿದೆಯೆಂಬ ಅಂಶ 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಊರಿಗೆ ಮರಳಿದ ಹಿರಿಯರು ಮುಂಬಯಿಯ ಹಳೆಯ ಸಂಖ್ಯೆಯನ್ನು ಬಿಟ್ಟಾಗ, ಮನೆಯವರೊಬ್ಬರು ತೀರಿಕೊಂಡಾಗ, ಆ ಸಂಖ್ಯೆಗೆ ಅಂಟಿಕೊಂಡಿರುವ ಬ್ಯಾಂಕು, ಅನಿಲ ಮತ್ತು ಇ-ಮೇಲ್ ಖಾತೆಗಳನ್ನು ಮೊದಲು ಬಿಡಿಸಿಕೊಳ್ಳುವುದು ಅಗತ್ಯ.

ಸುರಕ್ಷತೆಯ ಪ್ರಶ್ನೆ

ಬಳಕೆದಾರ ಹೆಸರು ಗುಟ್ಟಿನ ವಿಷಯವಲ್ಲವೆಂಬ ಭಾವನೆ ಇದೆ. ಭಾಗಶಃ ಇದು ನಿಜ. ಆದರೂ ಬ್ಯಾಂಕಿನ ಖಾತೆಯ ಹೆಸರು ಗೊತ್ತಾದ ದುಷ್ಕರ್ಮಿ ತಪ್ಪು ಗುಪ್ತಪದವನ್ನು ಪದೇಪದೇ ಕೊಟ್ಟು ನಿಜವಾದ ಗ್ರಾಹಕನ ಖಾತೆಗೇ ಬೀಗ ಬೀಳುವಂತೆ ಮಾಡಬಲ್ಲ. "ಈ ಹೆಸರು ಈಗಾಗಲೇ ಇದೆ" ಎಂಬ ಸಂದೇಶವೂ ಯಾರು ಯಾರು ಅಲ್ಲಿ ಗ್ರಾಹಕರೆಂಬುದನ್ನು ಸೂಚಿಸುತ್ತದೆ. ಹೀಗಾಗಿ ಜವಾಬ್ದಾರಿಯುತ ಜಾಲತಾಣಗಳು ಒಬ್ಬರೇ ನೂರಾರು ಹೆಸರುಗಳನ್ನು ಪರೀಕ್ಷಿಸದಂತೆ ತಡೆಯೊಡ್ಡುತ್ತವೆ. ಪ್ರವೇಶದ ವೇಳೆ ಹೆಸರು ತಪ್ಪೋ ಗುಪ್ತಪದ ತಪ್ಪೋ ಎಂದು ಬಿಡಿಸಿ ಹೇಳುವುದಿಲ್ಲ.

ನಕಲಿ ಖಾತೆಗಳ ಹಾವಳಿಯನ್ನು ಊರಿಗೆ ಹೋಗಿಬರುವ ನಮ್ಮ ಕುಟುಂಬಗಳು ಚೆನ್ನಾಗಿ ಬಲ್ಲವು. ಬೇಸಿಗೆ ರಜೆಯಲ್ಲಿ ಮತ್ಸ್ಯಗಂಧ ಅಥವಾ ಉದ್ಯಾನ್ ಎಕ್ಸ್‌ಪ್ರೆಸ್‌ನ ತತ್ಕಾಲ್ ಟಿಕೇಟು ನಿಮಿಷಗಳಲ್ಲಿ ಮುಗಿಯುವುದಕ್ಕೆ, ಒಬ್ಬರೇ ಬಹು ಹೆಸರುಗಳಲ್ಲಿ ಖಾತೆ ತೆರೆದು ಯಂತ್ರದ ಸಹಾಯದಿಂದ ಕಾಯ್ದಿರಿಸುವುದೂ ಕಾರಣವಾಗಿತ್ತು. 2002ರಲ್ಲಿ ಅಂತರ್ಜಾಲ ಟಿಕೇಟು ಆರಂಭಿಸಿದ ಐಆರ್‌ಸಿಟಿಸಿ ಸಂಸ್ಥೆ ಎರಡೂವರೆ ಕೋಟಿಗೂ ಹೆಚ್ಚು ಸಂಶಯಾಸ್ಪದ ಯೂಸರ್ ಐಡಿಗಳನ್ನು ರದ್ದುಗೊಳಿಸಿದ ವಿಷಯವನ್ನು ಸರಕಾರವು 2025ರಲ್ಲಿ ಸಂಸತ್ತಿಗೆ ತಿಳಿಸಿತು. ಅದೇ ವರ್ಷದ ಜುಲೈ 1ರಿಂದ ಅಂತರ್ಜಾಲದಲ್ಲಿ ತತ್ಕಾಲ್ ಟಿಕೇಟು ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಯಿತು. ಹೆಸರು ಅನನ್ಯವಾಗಿದ್ದ ಮಾತ್ರಕ್ಕೆ ಅದರ ಹಿಂದಿರುವ ವ್ಯಕ್ತಿಯೂ ಅನನ್ಯನೆಂದು ಹೇಳಲಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕುಟುಂಬಗಳು ಗಮನಿಸಬೇಕಾದ ಅಂಶಗಳು

1. ಹುಟ್ಟಿದ ವರ್ಷ, ಮನೆ ಸಂಖ್ಯೆ, ವಾಹನದ ಸಂಖ್ಯೆಗಳನ್ನು ಬಳಕೆದಾರ ಹೆಸರಿಗೆ ಸೇರಿಸದಿರುವುದು ಒಳಿತು. ಅಂಕಿ ಬೇಕಾದಲ್ಲಿ ತಮಗೆ ಮಾತ್ರ ನೆನಪಿರುವ ಸಂಬಂಧವಿಲ್ಲದ ಅಂಕಿಯನ್ನು ಬಳಸಬಹುದು.

2. ಬ್ಯಾಂಕಿನ ಬಳಕೆದಾರ ಹೆಸರು ಇ-ಮೇಲ್ ಹೆಸರಿಗಿಂತ ಭಿನ್ನವಾಗಿರಲಿ.

3. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಲ್ಲಿ ಅನೇಕರ ವಿಳಾಸವು ಮೊಬೈಲ್ ಸಂಖ್ಯೆಯೇ ಆಗಿರುತ್ತದೆ. ಅಂಗಡಿಯಲ್ಲಿ ಹಣ ಕೊಟ್ಟಾಗ ಸಂಖ್ಯೆ ಬಯಲಾಗುವುದು ಬೇಡವೆನಿಸಿದರೆ ಬೇರೆ ಹೆಸರನ್ನು ಆರಿಸಿಕೊಳ್ಳುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ.

4. ಹಿರಿಯರ ಬಳಕೆದಾರ ಹೆಸರುಗಳನ್ನು ರೋಮನ್ ಕಾಗುಣಿತ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಗುಪ್ತಪದವನ್ನು ಅದೇ ಪುಟದಲ್ಲಿ ಬರೆಯದಿರಿ. ಮನೆಯ ಒಬ್ಬರಿಗಾದರೂ ಆ ಪುಸ್ತಕದ ಜಾಗ ತಿಳಿದಿರಲಿ.

5. ಮಕ್ಕಳು ವಿದೇಶಕ್ಕೆ ಹೋಗುವಾಗ ತಂದೆತಾಯಿಯ ಖಾತೆಗಳಿಗೆ ತಮ್ಮ ಇ-ಮೇಲ್ ಕೊಟ್ಟಿದ್ದರೆ ಅದನ್ನು ಪರಿಶೀಲಿಸಿ, ತಂದೆತಾಯಿಯ ಕೈಗೆ ಸಿಗುವ ವಿಳಾಸಕ್ಕೆ ಬದಲಿಸುವುದು ಯೋಗ್ಯ.

ಸಂಘ ಸಂಸ್ಥೆಗಳಿಗೆ ಒಂದು ಮಾತು

ಈಗ ಅನೇಕ ಕನ್ನಡ ಸಂಘಗಳು ಸದಸ್ಯತ್ವದ ನೋಂದಣಿಯನ್ನು ಅಂತರ್ಜಾಲದಲ್ಲಿ ನಡೆಸುತ್ತಿವೆ. ಸದಸ್ಯರ ಪಟ್ಟಿಯ ಮೇಲೆ ಮತದಾನ, ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಇವೆಲ್ಲ ಅವಲಂಬಿಸಿರುವುದರಿಂದ ಒಂದೇ ಹೆಸರಿನ ಇಬ್ಬರು ಸದಸ್ಯರು ಅದಲುಬದಲಾದರೆ ಅರ್ಹರೊಬ್ಬರ ಹಕ್ಕು ಕೈತಪ್ಪಬಹುದು. ಆದುದರಿಂದ ಪ್ರತಿ ಸದಸ್ಯರಿಗೂ ಎಂದೂ ಬದಲಾಗದ ಸದಸ್ಯತ್ವ ಸಂಖ್ಯೆಯೊಂದನ್ನು ಕೊಡಬೇಕು; ನಿಧನರಾದ ಅಥವಾ ಸದಸ್ಯತ್ವ ಬಿಟ್ಟವರ ಸಂಖ್ಯೆಯನ್ನು ಬೇರೆಯವರಿಗೆ ಕೊಡಕೂಡದು. ಬಳಕೆದಾರ ಹೆಸರನ್ನು ಸದಸ್ಯರೇ ಆರಿಸಲಿ, ಬೇಕೆಂದಾಗ ಬದಲಿಸಲಿ. ಕುಲನಾಮದ ಅಂಕಣವನ್ನು ಕಡ್ಡಾಯ ಮಾಡದೆ, ಹೆಸರನ್ನು ಕನ್ನಡದಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಬರೆಯಲು ಜಾಗವಿರಲಿ. ಒಂದೇ ಮೊಬೈಲ್ ಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರೂ ಬಳಸುವ ಮನೆಗಳು ಇಂದಿಗೂ ಇರುವುದರಿಂದ, ಸಂಖ್ಯೆಯೇ ವ್ಯಕ್ತಿಯ ಗುರುತೆಂದು ಭಾವಿಸಿ ಒಬ್ಬರ ಅರ್ಜಿಯನ್ನು ತಿರಸ್ಕರಿಸುವುದು ಸಲ್ಲದು. ತಂತ್ರಾಂಶ ಸಿದ್ಧಪಡಿಸಿಕೊಡುವವರೊಡನೆ ಕರಾರು ಮಾಡುವಾಗಲೇ ಈ ನಿಯಮಗಳನ್ನು ಬರೆಹದಲ್ಲಿ ಸೇರಿಸಿದರೆ ಮುಂದಿನ ಕಾರ್ಯಕಾರಿ ಸಮಿತಿಗಳಿಗೂ ತೊಂದರೆ ತಪ್ಪುವುದು.